ಕೇಬಲ್ ಫೈಬರ್, ಫೋನ್ ಕಂಪನಿಯ ಡಬ್ಬಿ, ಫ್ರೀ ಡಿಶ್: ಬಾಗಲಕೋಟೆಯ ನಮ್ಮ ಮನೆಗೆ ಯಾವುದು ಸರಿಹೋಯಿತು?

ಈಗ ಕೇಬಲ್‌ನವರು ಇಂಟರ್ನೆಟ್ ಕೊಡುತ್ತಾರೆ, ಫೋನ್ ಕಂಪನಿಯವರು ಚಾನೆಲ್ ಮಾರುತ್ತಾರೆ. ನವನಗರದ ನಮ್ಮ ಮನೆಯಲ್ಲಿ ಎರಡನ್ನೂ ಹಾಕಿಸಿ ನೋಡಿದ್ದೇವೆ, ಫ್ರೀ ಡಿಶ್ ಮೊದಲಿಂದಲೂ ಇದೆ. ನನ್ನ ಓಟು ಓಣಿಯ ಕೇಬಲ್‌ನವರ ಫೈಬರ್‌ಗೆ.

ಫೋನ್ ಕಂಪನಿಯದು ೫ಜಿ ಡಬ್ಬಿ, ಟವರ್‌ನಿಂದ ಇಂಟರ್ನೆಟ್ ಹಿಡಿದು ಚಾನೆಲ್‌ಗಳನ್ನು ಆ್ಯಪ್‌ನಲ್ಲಿ ತೋರಿಸುತ್ತದೆ. ವೈರ್ ಎಳೆಯುವ ರಗಳೆ ಇಲ್ಲ, ಬಾಡಿಗೆ ಮನೆಯವರಿಗೆ ಅದೇ ಒಳ್ಳೆಯದು. ಆದರೆ ಸಂಜೆ ಎಲ್ಲರೂ ಫೋನ್ ಹಿಡಿದು ಕೂತಾಗ ಟವರ್ ಮೇಲೆ ಹೊರೆ ಜಾಸ್ತಿ, ಚಿತ್ರ ಮಸುಕಾಗುತ್ತದೆ. ಕ್ರಿಕೆಟ್ ಅಂತೂ ಬೇಡವೇ ಬೇಡ. ಆ್ಯಪ್‌ನಲ್ಲಿ ವಿಡಿಯೋ ಕೆಲವು ಸೆಕೆಂಡಿನ ತುಣುಕುಗಳಾಗಿ ಬರುತ್ತದೆ, ಮುಂದಿನ ತುಣುಕುಗಳು ಬಂದು ಕೂತ ಮೇಲೇ ತೆರೆಯ ಮೇಲೆ ಓಡುತ್ತದೆ, ಹಾಗಾಗಿ ಪಕ್ಕದ ಮನೆಯವರು ಕೂಗಿ ಮುಗಿಸಿದ ಮೇಲೆ ನಮ್ಮಲ್ಲಿ ಸಿಕ್ಸರ್! ಅವ್ವ "ಮೊದಲಿನ ಟೀವೀನ ಹಚ್ಚಪಾ" ಅಂದಳು.

ಕೇಬಲ್ ಫೈಬರ್‌ನಲ್ಲಿ ಈ ತಾಪತ್ರಯ ಇಲ್ಲ. ಕೂದಲಿನಷ್ಟು ಸಣ್ಣ ಒಂದೇ ಗಾಜಿನ ಎಳೆ, ಅದರೊಳಗೆ ಬೇರೆ ಬೇರೆ ತರಂಗಾಂತರದ (ಅಲೆಯ ಉದ್ದದ) ಬೆಳಕು, ಒಂದಕ್ಕೊಂದು ಬೆರೆಯುವುದಿಲ್ಲ. ಟೀವಿ ೧೫೫೦ ನ್ಯಾನೋಮೀಟರ್ ಬೆಳಕಿನಲ್ಲಿ, ಇಂಟರ್ನೆಟ್ ೧೪೯೦ರಲ್ಲಿ ಒಳಗೆ ಬರುತ್ತದೆ, ನಾವು ಕಳಿಸುವುದು ೧೩೧೦ರಲ್ಲಿ ವಾಪಸ್ ಹೋಗುತ್ತದೆ. ಹೀಗಾಗಿ ತಂಗಿ ಆನ್‌ಲೈನ್ ಕ್ಲಾಸಿನಲ್ಲಿದ್ದರೂ ಟೀವಿ ನಿಲ್ಲುವುದಿಲ್ಲ. ಇನ್ನೊಂದು ಲಾಭ ನನಗೆ ಇದಕ್ಕಿಂತ ದೊಡ್ಡದು. ಹಳೇ ಕೇಬಲ್‌ನಲ್ಲಿ ಸಿಗ್ನಲ್ ಜೋರು ಮಾಡುವ ಕಂಬದ ಮೇಲಿನ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕಿತ್ತು, ಆಚೆ ಓಣಿಯಲ್ಲಿ ಕರೆಂಟ್ ಹೋದರೆ ನಮ್ಮ ಟೀವಿಯೂ ಬಂದ್. ಫೈಬರ್ ಮನೆಯೊಳಗೇ ಬಂದರೆ ಓಣಿಯ ಕಂಬಗಳ ಮೇಲೆ ಕರೆಂಟಿನ ಕೆಲಸವೇ ಇಲ್ಲ. ನಮ್ಮಲ್ಲಿ ಯುಪಿಎಸ್, ಅವರ ಆಫೀಸಿನಲ್ಲಿ ಜನರೇಟರ್ ಇದ್ದರೆ ಸಾಕು. ರಿಪೇರಿಗೆ ಬರುವವರೂ ಓಣಿಯವರೇ, ಹೆಸರು ಹಿಡಿದು ಕರೆಯಬಹುದು. ಫೋನ್ ಕಂಪನಿಗೆ ದೂರು ಕೊಟ್ಟರೆ ಬರುವುದು ಬರೀ ಮೆಸೇಜು.

ವೈರ್ ಒಂದೇ ಆದರೂ ಇಲಾಖೆ ಎರಡು. ಚಾನೆಲ್‌ಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಇಂಟರ್ನೆಟ್‌ಗೆ ದೂರಸಂಪರ್ಕ ಇಲಾಖೆ. ೨೦೦೪ರಿಂದ ನಿಯಂತ್ರಣ ಸಂಸ್ಥೆ ಟ್ರಾಯ್ ಎರಡನ್ನೂ ನೋಡಿಕೊಳ್ಳುತ್ತಿದೆ, ಲೈಸೆನ್ಸ್ ಮಾತ್ರ ಬೇರೆ ಬೇರೆ.

ಫೈಬರ್‌ನ ಕೊರತೆ ಅಂದರೆ, ರಸ್ತೆ ಅಗೆಯುವಾಗ ಎಳೆ ತುಂಡಾದರೆ ಟೀವಿ, ಇಂಟರ್ನೆಟ್ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೇ ಫ್ರೀ ಡಿಶ್ ತೆಗೆಸಿಲ್ಲ. ೨೦೦೪ರಲ್ಲಿ ಶುರುವಾದ ದೂರದರ್ಶನದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ ನಿಜ, ಆದರೆ ನಮ್ಮ ಕಡೆ ಅಂಥ ಮಳೆ ವರ್ಷಕ್ಕೆ ಎಷ್ಟು ಸಲ ಅಲ್ವಾ?

ಫೈಬರ್ ಹಾಕಿಸುವ ಮೊದಲು ಒಂದು ಮಾತು ಕೇಳಿ: ಎಳೆ ಮನೆಯೊಳಗೆ ಬರುತ್ತದೋ, ಕಂಬದವರೆಗೆ ಮಾತ್ರವೋ? ಕಂಬದವರೆಗೆ ಅಂದರೆ ಮುಂದಿನದು ಹಳೇ ವೈರೇ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.