ಏಳು ಸಾವಿರದ ಪ್ರೊಜೆಕ್ಟರಲ್ಲಿ ಐರೀನ್ ಪಾಪಾಸ್

ನಾನು ಏಳು ಸಾವಿರಕ್ಕೆ ತರಿಸಿದ ಪ್ರೊಜೆಕ್ಟರ್ ಹೇಗುಂಟು ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಹೇಳಿಬಿಡ್ತೇನೆ. ಕಂಪೆನಿ ಹೆಸರು ಬೇಡ, ಆನ್‌ಲೈನಲ್ಲಿ ಏಳು ಸಾವಿರಕ್ಕೆ ಸಿಗುವ ಡಬ್ಬಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ. ಬಾಕ್ಸಲ್ಲಿ ದೊಡ್ಡಕ್ಕೆ ಫೋರ್‌ಕೆ ಅಂತ ಬರ್ದಿದ್ದಾರೆ, ಅದು ಸಪೋರ್ಟ್ ಮಾತ್ರ ಮಾರಾಯ್ರೇ, ಅಂದ್ರೆ ಫೋರ್‌ಕೆ ವಿಡಿಯೊ ಹಾಕ್ಬಹುದು ಅಷ್ಟೇ, ಒಳಗಿರುದು ಅದಕ್ಕಿಂತ ತುಂಬ ಕಮ್ಮಿ ಸ್ಪಷ್ಟತೆಯ 720ಪಿ.

ಎಲ್ಲರೂ ಕ್ರಿಕೆಟ್ ಹಾಕಿ ಟೆಸ್ಟ್ ಮಾಡ್ತಾರೆ, ನಾನು ಹಾಕಿದ್ದು 1962ರ ಗ್ರೀಕ್ ಸಿನೆಮಾ ಎಲೆಕ್ಟ್ರಾ. ಕಪ್ಪುಬಿಳುಪು, ಕಕೊಯಾನಿಸ್ ಡೈರೆಕ್ಷನ್, ಎಲೆಕ್ಟ್ರಾ ಆಗಿದ್ದು ಗ್ರೀಕ್ ನಟಿ ಐರೀನ್ ಪಾಪಾಸ್. ಬದಿಯಡ್ಕದ ಹತ್ರ ನಮ್ಮನೆ ಅಂಗಳ, ಅಡಕೆ ಒಂದು ಬದಿಗೆ ದೂಡಿ ಅಜ್ಜನ ಎರಡು ಬಿಳಿ ವೇಷ್ಟಿ ಜೋಡಿಸಿ ಕಟ್ಟಿದ್ದು. ಡಿವಿಡಿಯೇ ಆದ ಕಾರಣ 720ಪಿ ಧಾರಾಳ ಸಾಕಾಯ್ತು. ಆದ್ರೆ ಕಪ್ಪು ಕಪ್ಪಾಗಿ ಬರುದಿಲ್ಲ, ಬೂದಿ ಬಣ್ಣ. ಕಪ್ಪು ಸೀರೆ ಸುತ್ತಿದ ಹಾಗೆ ನಿಂತ ಆ ಹಳ್ಳಿ ಹೆಂಗಸರ ಗುಂಪಿದೆಯಲ್ಲ, ನಮ್ಮ ಹಿಮ್ಮೇಳದ ಹಾಗೆ ಕತೆಯ ಜೊತೆಗೇ ಇರುವವರು, ಅವರು ಗುಡ್ಡದ ಜೊತೆ ಕರಗಿಹೋದ್ರು. ಪಾಪಾಸ್ ಮುಖ ಮಾತ್ರ ಕರಗ್ಲಿಲ್ಲ. ಆ ಹುಬ್ಬು, ಆ ಮೂಗು, ವೇಷ್ಟಿಯ ಹೊಲಿಗೆ ಸರೀ ಕೆನ್ನೆ ಮೇಲೆ ಬಂದ್ರೂ ಯಾರಿಗೂ ಗೊತ್ತಾಗ್ಲಿಲ್ಲ.

ಅಜ್ಜಿ ಕೇಳಿದ್ದು, "ಈ ಕೂಸು ತಲೆಕಸವು ಎಂತಕೆ ಕತ್ತರ್ಸಿದ್ದು?" (ಈ ಹುಡುಗಿ ತಲೆಕೂದಲು ಯಾಕೆ ಕತ್ತರಿಸಿದ್ದು ಅಂತ.) ಅಪ್ಪನನ್ನು ಅಮ್ಮನೇ ಕೊಂದದ್ದಕ್ಕೆ ಅಂದೆ. ಆಮೇಲೆ ಅಜ್ಜಿ ಮಾತಾಡ್ಲಿಲ್ಲ, ಎಲೆಕ್ಟ್ರಾ ಆ ಅಮ್ಮನನ್ನು ಕೊಲ್ಲಿಸುವಲ್ಲಿವರೆಗೂ.

ಮರುದಿನ 1977ರ ಇಫಿಜೀನಿಯಾ, ಇದು ಕಲರ್, ಡೈರೆಕ್ಟರ್ ಅದೇ ಕಕೊಯಾನಿಸ್. ಇದ್ರಲ್ಲಿ ಪಾಪಾಸ್ ಎಲೆಕ್ಟ್ರಾಳ ಆ ಅಮ್ಮನ ಪಾತ್ರ, ಕ್ಲೈಟೆಮ್ನೆಸ್ಟ್ರಾ! ಗಂಡ ಯುದ್ಧಕ್ಕೆ ಗಾಳಿ ಬೀಸ್ಲಿ ಅಂತ ದೊಡ್ಡ ಮಗಳನ್ನು ಬಲಿ ಕೊಡುವಾಗ ಇವಳು ನೋಡುವ ನೋಟ ಉಂಟಲ್ಲ, ಹಿಂದಿನ ದಿನ ನಾವು ಬೈದ ಹೆಂಗಸು ಇವಳೇನಾ ಅಂತ ಆಯ್ತು. ತಾಳಮದ್ದಳೆಯಲ್ಲಿ ಒಬ್ಬರೇ ಇವತ್ತು ಕರ್ಣ ನಾಳೆ ಅರ್ಜುನ ಆಗುದು ನಮಗೆ ಹೊಸತಲ್ಲ, ಆದ್ರೂ ಹದಿನೈದು ವರ್ಷ ಬಿಟ್ಟು ಎದುರು ಪಕ್ಷದ ಅರ್ಥ ಹೇಳಿದ ಹಾಗೆ ಇದು.

ಗ್ರೀಸಿನ ಕೊರಿಂತ್ ಹತ್ರ ಖಿಲಿಯೊಮೋದಿ ಅಂತ ಹಳ್ಳಿ, ಪಾಪಾಸ್ ಅಲ್ಲಿಯವಳು. 1961ರಲ್ಲಿ ಗನ್ಸ್ ಆಫ್ ನವರೋನ್‌ಲ್ಲಿ ಗ್ರೆಗರಿ ಪೆಕ್ ಜೊತೆ ಹಾಲಿವುಡ್, 1964ರ ಜೋರ್ಬಾ ಸಿನೆಮಾದಲ್ಲಿ ವಿಧವೆ, ಅದ್ರಲ್ಲಿ ಮಾತೇ ಕಮ್ಮಿ. 1967ರಲ್ಲಿ ಗ್ರೀಸಲ್ಲಿ ಮಿಲಿಟರಿಯವ್ರು ಅಧಿಕಾರ ಹಿಡಿದ ಮೇಲೆ ಅವರ ವಿರುದ್ಧ ಬಾಯಿಬಿಟ್ಟು ಹೇಳಿ ಊರು ಬಿಟ್ಟು ಹೊರಗೆ ಇದ್ಲು, ಆಗಲೂ ಸುಮ್ಮನೆ ಕೂರ್ಲಿಲ್ಲ, 1973ರಲ್ಲಿ ನ್ಯೂಯಾರ್ಕಲ್ಲಿ ಮೆಡಿಯಾ ನಾಟಕ ಆಡಿದ್ಲು. ಕೊನೆಗೆ ಅಲ್‌ಝೈಮರ್ಸ್ ಬಂತು, 2022ರ ಸಪ್ಟೆಂಬರಲ್ಲಿ ತೀರಿಕೊಂಡ್ಲು. ಅಷ್ಟು ಡೈಲಾಗ್ ಬಾಯಿಪಾಠ ಇದ್ದವಳಿಗೆ ಅದೇ ರೋಗವಾ ಅಂತ ಒಂದು ಸಂಕಟ.

ಪ್ರೊಜೆಕ್ಟರಿನ ಸ್ಪೀಕರ್ ದಂಡ. ಎಲೆಕ್ಟ್ರಾ ಶುರುವಿನ ಕೊಲೆಯಲ್ಲಿ ಮಾತೇ ಇಲ್ಲ, ಹಾಗಾಗಿ ಬಚಾವ್, ಜೋರ್ಬಾದ ಥಿಯೊಡೊರಾಕಿಸ್ ಮ್ಯೂಸಿಕ್ ಹಾಕಿದ್ರೆ ತಗಡು ಬಡಿದ ಹಾಗೆ. ಹೊರಗಿನ ಸ್ಪೀಕರ್ ಬೇಕೇ ಬೇಕು. ಮುಸ್ಸಂಜೆಗೆ ಹಾಕಿದ್ರೆ ಏನೂ ಕಾಣುದಿಲ್ಲ, ಎಂಟು ಗಂಟೆ ಆಗ್ಬೇಕು, ಬೆಳ್ದಿಂಗಳು ಇದ್ರೆ ಆ ದಿನ ಬಿಟ್ಬಿಡಿ. ಮತ್ತೆ ಮಳೆಹುಳ ಫ್ಯಾನಿನ ಒಳಗೆ ನುಗ್ತದೆ, ಸೊಳ್ಳೆಪರದೆ ತುಂಡು ಒಂದು ಸಡಿಲವಾಗಿ ಕಟ್ಟಿ, ಬಿಗಿ ಮಾಡಿದ್ರೆ ಬಿಸಿಯಾಗಿ ಅದೇ ಆಫ್ ಆಗ್ತದೆ, ನಮ್ಮದು ಎರಡು ಸಲ ಆಯ್ತು, ಒಂದು ಸಲ ಬಲಿಯ ಹೊತ್ತಿಗೇ.