ಟ್ರೇಲರ್‌ನ 9.00-16 ಟೈರ್: ಆರು ವರ್ಷ ಓಡಿಸಿದ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಎರಡು ಚಕ್ರದ ಟ್ರ್ಯಾಕ್ಟರ್ ಟ್ರೇಲರ್‌ಗೆ 2018ರ ಕೊನೆಯಲ್ಲಿ ಒಂದು ಜೊತೆ ಹೊಸ ಟೈರ್ ಹಾಕಿಸಿದ್ದೆ. 9.00-16 (ಸುಮಾರು 9 ಇಂಚು ಅಗಲ, 16 ಇಂಚಿನ ಡಿಸ್ಕ್‌ಗೆ ಕೂರುವಂಥದ್ದು), 16 ಪ್ಲೈ (ಭಾರ ಹೊರುವ ಬಲದ ಲೆಕ್ಕ), ಟ್ಯೂಬ್ ಇರುವ ನೈಲಾನ್ ಟೈರ್. ಗೊಬ್ಬರ, ದರಗು, ಗೋಡು ಮಣ್ಣು, ಜಂಬಿಟ್ಟಿಗೆ ಕಲ್ಲು, ಎಲ್ಲ ಹೊತ್ತಿವೆ. ಈ ಸಲ ಕೊಯ್ಲು ಶುರುವಾಗುವ ಮುಂಚೆ ಎರಡನ್ನೂ ಬಿಚ್ಚಿಸಿದೆ.

ಗ್ರಿಪ್ ಅರ್ಧಕ್ಕಿಂತ ಜಾಸ್ತಿನೇ ಇತ್ತು. "ಎಂತ ಮಾರಾಯ್ರೆ, ಇನ್ನೂ ಎರಡು ವರ್ಷ ಆರಾಮಾಗಿ ಓಡ್ತದೆ" ಅಂದ ಪಂಚರ್ ಅಂಗಡಿಯವ. ಮೇಲಿನಿಂದ ನೋಡಿದರೆ ಅವನು ಹೇಳಿದ್ದು ಸರಿಯೇ. ಆದರೆ ಟ್ರೇಲರ್ ಟೈರ್ ಸವೆದು ಹಾಳಾಗುವುದು ಕಡಿಮೆ, ನಿಂತು ಹಾಳಾಗುವುದೇ ಜಾಸ್ತಿ. ಮಲೆನಾಡಿನ ಮಳೆಗಾಲದಲ್ಲಿ ಟ್ರೇಲರ್‌ಗೆ ಏನು ಕೆಲಸ? ಜೂನ್‌ನಿಂದ ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತದೆ. ರಬ್ಬರ್ ಒಡೆಯದಂತೆ ಅದರಲ್ಲಿ ಮೇಣದಂಥದ್ದು ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರ್ ಬಾಗುತ್ತಿದ್ದರೆ ಅದು ಮೇಲ್ಮೈಗೆ ಬರುತ್ತಿರುತ್ತದೆ. ನಿಂತ ಟೈರಿನಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಮೇಲಿಂದ ಬಿಸಿಲು, ಒಂದೇ ಕಡೆ ಬೀಳುವ ಭಾರ.

ನಮ್ಮ ಶೆಡ್ಡು ಮಧ್ಯಾಹ್ನದ ಬಿಸಿಲು ತಡೆಯುವುದಿಲ್ಲ. ಬಿಸಿಲಿಗೆ ಬಿದ್ದ ಎಡಗಡೆ ಟೈರಿನ ಪಕ್ಕದಲ್ಲಿ ಡಿಸ್ಕ್ (ಟೈರ್ ಕೂರುವ ಕಬ್ಬಿಣದ ಚಕ್ರ) ಹತ್ತಿರ ಸುತ್ತಲೂ ಕೂದಲೆಳೆಯಂಥ ಬಿರುಕು. ಗಾಳಿ ತುಂಬಿದ್ದಾಗ ಅಷ್ಟಾಗಿ ಕಾಣುತ್ತಿರಲಿಲ್ಲ. ಗಾಳಿ ಬಿಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಬಿರುಕು ಬಾಯಿ ಬಿಡುತ್ತಿತ್ತು. ಒಂದು ಕಡೆ ತಳದಲ್ಲಿ ನೈಲಾನ್ ನೂಲೇ ಕಂಡಿತು. ನೂಲು ಕಂಡ ಮೇಲೆ ಮಾತಿಲ್ಲ, ಅಲ್ವಾ? ಬಲಗಡೆಯದು ಅಷ್ಟು ಕೆಟ್ಟಿರಲಿಲ್ಲ, ಆದರೂ ತೆಗೆಸಿದೆ. ಒಂದೇ ಆಕ್ಸಲ್‌ನ ಗಾಡಿ. ಲೋಡ್ ಇದ್ದಾಗ ಇಳಿಜಾರಿನ ತಿರುವಿನಲ್ಲಿ ಒಂದು ಒಡೆದರೆ ಇನ್ನೊಂದು ಕಾಪಾಡುವುದಿಲ್ಲ.

ವಯಸ್ಸು ತಿಳಿಯಲು ಟೈರಿನ ಮೇಲೆಯೇ ನಾಲ್ಕು ಅಂಕಿ ಇರುತ್ತದೆ. ನನ್ನದರಲ್ಲಿ 3118. ಅಂದರೆ 2018ರ 31ನೇ ವಾರ ತಯಾರಾದದ್ದು. ಅದು ಒಳಬದಿಗೆ ಬಂದಿತ್ತು, ಟಾರ್ಚ್ ಹಿಡಿದು ಟ್ರೇಲರ್ ಅಡಿಗೆ ನುಗ್ಗಿ ಓದಬೇಕಾಯಿತು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ಹೀಗೆ ನುಗ್ಗಿ ನೋಡುವುದು ಒಳ್ಳೆಯದು. ಗ್ರಿಪ್ ಎಷ್ಟೇ ಇದ್ದರೂ ಹತ್ತು ವರ್ಷದ ಟೈರ್ ಮೇಲೆ ನಾನಂತೂ ಲೋಡ್ ಹಾಕುವುದಿಲ್ಲ. ಕಾರಿನ ಟೈರಿಗೆ ಹೇಳುವ 1.6 ಮಿಲಿಮೀಟರ್ ಗ್ರಿಪ್ಪಿನ ಲೆಕ್ಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿಗೆ ಮುಟ್ಟುವ ಮೊದಲೇ ಪಕ್ಕ ಕೈ ಕೊಟ್ಟಿರುತ್ತದೆ. ಪಕ್ಕದಲ್ಲಿ ಗುಳ್ಳೆ ಎದ್ದಿದ್ದರಂತೂ ವಯಸ್ಸು ನೋಡುವ ಅಗತ್ಯವೇ ಇಲ್ಲ, ಆ ದಿನವೇ ಬಿಚ್ಚಿಸಿ.

ರಿಸೋಲ್ ಮಾಡಿಸಿ ಅಂತಲೂ ಕೆಲವರು ಹೇಳಿದರು. ಪಕ್ಕ ಒಡೆದ ಟೈರಿನ ತಲೆಗೆ ಹೊಸ ರಬ್ಬರ್ ಅಂಟಿಸಿ ಏನು ಮಾಡೋದು?

ಶಿವಮೊಗ್ಗದಲ್ಲಿ ಅದೇ ಅಳತೆಯ ಟೈರ್ ತಗೊಂಡೆ. ಅಂಗಡಿಯವರು ಮೊದಲು ಹೊರಗೆ ತಂದದ್ದು ಎರಡು ವರ್ಷ ಹಳೆಯ ಸ್ಟಾಕು. ಅಂಕಿ ತೋರಿಸಿದ ಮೇಲೆ ಒಳಗಿನಿಂದ ಬೇರೆ ಜೊತೆ ಬಂತು. ಟ್ಯೂಬ್, ಅದಕ್ಕೂ ಡಿಸ್ಕ್‌ಗೂ ನಡುವೆ ಕೂರುವ ರಬ್ಬರ್ ಪಟ್ಟಿ (ಫ್ಲಾಪ್) ಕೂಡ ಹೊಸದೇ ಹಾಕಿಸಿದೆ. ಮಳೆಗಾಲಕ್ಕೆ ಇನ್ನು ಆಕ್ಸಲ್ ಅಡಿಗೆ ದಿಮ್ಮಿ ಕೊಟ್ಟು ಚಕ್ರ ಎತ್ತಿಡುವುದು, ಬಿಸಿಲಿನ ಕಡೆಗೆ ಗೋಣಿಚೀಲ ಕಟ್ಟುವುದು.

ಹಳೆಯ ಟೈರಿಗೆ 5ಕ್ಕೆ 4 ಅಂಕ. ಭಾರಕ್ಕೆ, ಕಲ್ಲಿಗೆ ಎಲ್ಲೂ ಜಗ್ಗಲಿಲ್ಲ. ಒಂದು ಕಳೆದದ್ದು ತಯಾರಿಯ ಅಂಕಿಯನ್ನು ಒಂದೇ ಬದಿಗೆ ಒತ್ತಿದ್ದಕ್ಕೆ.