ಹಾಲ್‌ನ ಡೆಸ್ಕ್‌ಟಾಪ್‌ಗೆ ನಾಲ್ಕು ಬ್ರೌಸರ್, ನಾಲ್ಕು ವಾರ

ಒಂದು ಬೆಳಿಗ್ಗೆ ಅಪ್ಪ ಕೂಗಿದರು. "ಲೋ, ಬಾರೋ ಇಲ್ಲಿ. ಇದರಲ್ಲಿ ಸುದ್ದಿ ಎಲ್ಲಿದೆ ಹುಡುಕಿಕೊಡು."

ಹೋಗಿ ನೋಡಿದರೆ ಪರದೆ ತುಂಬಾ ಅಪಾರ್ಟ್‌ಮೆಂಟ್ ಜಾಹೀರಾತು. ಕೆಳಗೊಂದು ವಿಡಿಯೊ ತಾನಾಗೇ ಓಡುತ್ತಿದೆ. ನಡುವೆ ಮೂರು ಸಾಲು ಸುದ್ದಿ. ಜಾಹೀರಾತು ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು. ಅದನ್ನು ಒತ್ತಲು ಹೋಗಿ ಅಪ್ಪ ಎರಡು ಸಲ ಫ್ಲ್ಯಾಟ್ ನೋಡಲು ಹೆಸರು, ಫೋನ್ ನಂಬರ್ ಕೊಡುವ ಪುಟಕ್ಕೆ ಹೋಗಿ ಬಂದಿದ್ದರು. ಪುಣ್ಯಕ್ಕೆ ನಂಬರ್ ಕೊಟ್ಟಿರಲಿಲ್ಲ.

ನಮ್ಮ ರಾಜಾಜಿನಗರದ ಮನೆಯ ಹಾಲ್‌ನಲ್ಲಿರುವ ಡೆಸ್ಕ್‌ಟಾಪ್ ಎಸ್.ಪಿ. ರೋಡ್‌ನಲ್ಲಿ ಜೋಡಿಸಿ ತಂದದ್ದು. 8 ಜಿಬಿ ರ‍್ಯಾಮ್, ವಿಂಡೋಸ್ 10. ಬೆಳಿಗ್ಗೆ ಅಪ್ಪ ಪೇಪರ್ ಓದುತ್ತಾರೆ, ಮಧ್ಯಾಹ್ನ ನನ್ನ ಕೆಲಸ, ಸಂಜೆ ಮಗಳ ಪಾಠ. ನಿಜ ಹೇಳಬೇಕೆಂದರೆ ಬ್ರೌಸರ್ ಬಿಟ್ಟು ಇನ್ನೇನನ್ನೂ ಯಾರೂ ತೆರೆಯುವುದಿಲ್ಲ. ಹಾಗಾಗಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಬ್ರೇವ್ ನಾಲ್ಕನ್ನೂ ಒಂದೊಂದು ವಾರ ಎಲ್ಲರ ಕೈಗೂ ಕೊಟ್ಟು ನೋಡಿದೆ.

ವೇಗದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ದಿನದ ಕೆಲಸದಲ್ಲಿ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆಶ್ಚರ್ಯವೂ ಇಲ್ಲ. ಕ್ರೋಮ್, ಎಡ್ಜ್, ಬ್ರೇವ್ ಮೂರೂ ಕ್ರೋಮಿಯಂ ಎಂಬ ಒಂದೇ ಮುಕ್ತ ಕೋಡ್ ಮೇಲೆ ಕಟ್ಟಿದವು. ಎಡ್ಜ್‌ಗೆ ಮೊದಲು ಪುಟವನ್ನು ಪರದೆಗೆ ತರುವ ತನ್ನದೇ ಎಂಜಿನ್ ಇತ್ತು, 2020ರ ಜನವರಿಯಲ್ಲಿ ಅದೂ ಇತ್ತ ಬಂತು. ಒಂದೇ ಹಿಟ್ಟಿನಲ್ಲಿ ಹುಯ್ದ ಮೂರು ದೋಸೆ. ಫೈರ್‌ಫಾಕ್ಸ್ ಮಾತ್ರ ಗೆಕೊ ಎಂಬ ಬೇರೆ ಎಂಜಿನ್ ಇಟ್ಟುಕೊಂಡಿದೆ.

ಅಪ್ಪನ ಜಾಹೀರಾತಿನ ವಿಷಯಕ್ಕೆ ಬಂದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಜಾಹೀರಾತು ತಡೆಯಲು ಬಹಳ ಜನ ಹಾಕಿಕೊಳ್ಳುತ್ತಿದ್ದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಯುಬ್ಲಾಕ್ ಆರಿಜಿನ್. ಕ್ರೋಮ್ ಈಗ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಕ್ಕೆ ಬಂದಿದೆ, ಅದರಲ್ಲಿ ಈ ಹಳೇ ಎಕ್ಸ್‌ಟೆನ್ಷನ್ ಓಡುವುದಿಲ್ಲ. ಮೊದಲು ಪುಟಕ್ಕೆ ಬರುವ ಪ್ರತಿಯೊಂದನ್ನೂ ಎಕ್ಸ್‌ಟೆನ್ಷನ್ನೇ ತಡೆದು ನಿಲ್ಲಿಸಿ ನೋಡಿ, ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿತ್ತು. ಈಗ ಯಾರನ್ನು ಬಿಡಬಾರದು ಎಂಬ ಪಟ್ಟಿಯನ್ನು ಮೊದಲೇ ಬ್ರೌಸರ್ ಕೈಗೆ ಕೊಟ್ಟು ದೂರ ನಿಲ್ಲಬೇಕು. ಗೇಟಿನಲ್ಲಿ ಸೆಕ್ಯುರಿಟಿಯವರು ಬಂದವರ ಮುಖ ನೋಡಿ ವಿಚಾರಿಸುವುದಕ್ಕೂ ರಿಜಿಸ್ಟರ್ ನೋಡಿ ಒಳಗೆ ಬಿಡುವುದಕ್ಕೂ ಇರುವ ವ್ಯತ್ಯಾಸ ಅನ್ನಿ. ಹೊಸ ನಿಯಮಕ್ಕೆ ತಕ್ಕ ಯುಬ್ಲಾಕ್ ಆರಿಜಿನ್ ಲೈಟ್ ಇದೆ, ಅಪ್ಪ ಓದುವ ಪೇಪರ್‌ಗಳಿಗೆ ಅದೇ ಸಾಕಾಯಿತು. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಆವೃತ್ತಿಯೇ ಓಡುತ್ತದೆ.

ಬ್ರೇವ್‌ನಲ್ಲಿ ಬೇರೇನೂ ಹಾಕಿಕೊಳ್ಳುವ ಅಗತ್ಯವೇ ಇಲ್ಲ, ಜಾಹೀರಾತನ್ನು ಅದೇ ತಡೆಯುತ್ತದೆ. ವಿಳಾಸದ ಪಟ್ಟಿಯ ಪಕ್ಕ ಸಿಂಹದ ಚಿತ್ರ ಇರುತ್ತದೆ, ಪುಟ ಕೆಟ್ಟರೆ ಅದನ್ನು ಒತ್ತಿ ಆ ಸೈಟಿಗೆ ಮಾತ್ರ ತಡೆ ತೆಗೆಯಬಹುದು. ಇದನ್ನು ಕಟ್ಟಿದವರಲ್ಲಿ ಒಬ್ಬರು ಬ್ರೆಂಡನ್ ಐಕ್. 1995ರಲ್ಲಿ ವೆಬ್ ಪುಟಗಳ ಭಾಷೆ ಜಾವಾಸ್ಕ್ರಿಪ್ಟ್ ಬರೆದವರು, ಆಮೇಲೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಕಟ್ಟುವುದರಲ್ಲೂ ಇದ್ದವರು. ಆದರೆ ಬ್ರೇವ್ ಜೊತೆಗೆ ಕ್ರಿಪ್ಟೊ ವ್ಯಾಲೆಟ್, ರಿವಾರ್ಡ್ಸ್ ಎಂದು ಬಟನ್‌ಗಳು ಬರುತ್ತವೆ. "ಇದೇನು, ದುಡ್ಡು ಕೊಡ್ತಾರಾ?" ಎಂದು ಅಪ್ಪ ಕೇಳಿದ ಕೂಡಲೇ ಎಲ್ಲವನ್ನೂ ಸೆಟ್ಟಿಂಗ್ಸ್‌ನಲ್ಲಿ ಮರೆಮಾಡಿದೆ.

ಎಡ್ಜ್ ಬಗ್ಗೆ ನನಗೆ ಮೊದಲಿಂದ ತಾತ್ಸಾರ. ಹೊಸ ಟ್ಯಾಬ್ ತೆರೆದರೆ ಸುದ್ದಿ, ಹವಾಮಾನ, ಷೇರು ಎಲ್ಲಾ ಮುಖಕ್ಕೆ ಬರುತ್ತವೆ. ಅದನ್ನೆಲ್ಲ ಆಫ್ ಮಾಡುತ್ತಾ ಕೂರುವುದೇ ಒಂದು ಕೆಲಸ. ಆದರೆ ಅಪ್ಪನ ಮನಸ್ಸು ಗೆದ್ದಿದ್ದು ಇದೇ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಅವರು ಜಾಸ್ತಿ ಹೊತ್ತು ಪರದೆ ನೋಡುವ ಹಾಗಿರಲಿಲ್ಲ. ಸುದ್ದಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿದೆ. ಕನ್ನಡದಲ್ಲಿ ಓದಲು ಶುರುವಾಯಿತು! ಸಪ್ನಾ, ಗಗನ್ ಎಂದು ಎರಡು ಕನ್ನಡ ದನಿಗಳಿವೆ. ಅಪ್ಪ ಕಣ್ಣು ಮುಚ್ಚಿ, ಕೈ ಕಟ್ಟಿ ಕೇಳಿದರು. "ಆಕಾಶವಾಣಿಯವರ ಹಾಗಿಲ್ಲ, ಪರವಾಗಿಲ್ಲ" ಅಂದರು. ಓದುವ ವೇಗ ಸ್ವಲ್ಪ ಇಳಿಸಿಕೊಟ್ಟೆ. ಈ ದನಿಗಳಿಗೆ ಇಂಟರ್‌ನೆಟ್ ಬೇಕು, ನೆಟ್ ಹೋದರೆ ಓದು ನಿಲ್ಲುತ್ತದೆ.

ನೆಟ್ ಏನು, ಮಳೆ ಬಂದರೆ ಕರೆಂಟೇ ಹೋಗುತ್ತದಲ್ವಾ. ಫೈರ್‌ಫಾಕ್ಸ್ ವಾರದಲ್ಲಿ ಒಂದು ಸಂಜೆ ಹಾಗೇ ಆಯಿತು. ನಮ್ಮ ಯುಪಿಎಸ್ ಬ್ಯಾಟರಿ ಹೆಸರಿಗೆ ಮಾತ್ರ. ನಾಲ್ಕು ಸಲ ಕೀ ಕೀ ಎಂದು ಕೂಗಿತು, ಐದನೆಯದಕ್ಕೆ ಎಲ್ಲಾ ಕತ್ತಲು. ನಾನು ಒಂದು ಉದ್ದನೆಯ ಅರ್ಜಿ ತುಂಬುತ್ತಿದ್ದೆ. ಕರೆಂಟ್ ಬಂದ ಮೇಲೆ ಬೈದುಕೊಂಡೇ ತೆರೆದು, ಹಳೇ ಟ್ಯಾಬ್‌ಗಳು ಬರಲಿ ಎಂದು ಒತ್ತಿದೆ. ಟ್ಯಾಬ್‌ಗಳೂ ಬಂದವು, ಅರ್ಜಿಯಲ್ಲಿ ಬರೆದಿದ್ದ ಸಾಲುಗಳೂ ಬಂದವು. ಕೊನೆಯ ಅರ್ಧ ಸಾಲು ಮಾತ್ರ ಇರಲಿಲ್ಲ. ಫೈರ್‌ಫಾಕ್ಸ್ ಸುಮಾರು 15 ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕ್‌ಗೆ ಬರೆದಿಡುತ್ತದೆ, ಅದಕ್ಕೇ ಹೀಗೆ. ಎಲ್ಲ ಸೈಟ್‌ಗಳಲ್ಲೂ ಹೀಗೆ ಆಗುತ್ತದೆ ಅಂತಲ್ಲ. ಉಳಿದ ಮೂರರಲ್ಲೂ ಟ್ಯಾಬ್ ವಾಪಸ್ ತರುವ ಸೌಲಭ್ಯ ಇದ್ದೇ ಇದೆ. ಆದರೆ ನನಗೆ ನಂಬಿಕೆ ಹುಟ್ಟಿದ್ದು ಆ ಸಂಜೆ.

ಮೆಮೊರಿ ಯಾವುದು ಕಡಿಮೆ ತಿನ್ನುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾಲ್ಕೂ ತಿನ್ನುತ್ತವೆ. ಒಂದು ಸೈಟ್ ಇನ್ನೊಂದರ ಮಾಹಿತಿ ಕದಿಯಬಾರದು ಎಂದು ಈಗಿನ ಬ್ರೌಸರ್‌ಗಳು ಬೇರೆ ಬೇರೆ ಸೈಟ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಓಡಿಸುತ್ತವೆ, ಅದಕ್ಕೆ ಮೆಮೊರಿ ಬೇಕೇ ಬೇಕು. ಎಡ್ಜ್, ಕ್ರೋಮ್ ಎರಡೂ ಮುಟ್ಟದ ಟ್ಯಾಬ್‌ಗಳನ್ನು ಮಲಗಿಸುತ್ತವೆ, ಸ್ವಲ್ಪ ಅನುಕೂಲ. ಮಗಳು ಮೂವತ್ತು ಟ್ಯಾಬ್ ತೆರೆದಿಟ್ಟರೆ ಯಾವುದೂ ಉಳಿಸುವುದಿಲ್ಲ. ಬ್ರೌಸರ್ ಬದಲಾಯಿಸುವ ಬದಲು ಇನ್ನೊಂದು 8 ಜಿಬಿ ಹಾಕಿಸಿ.

ಫೈರ್‌ಫಾಕ್ಸ್‌ನ ಕಂಟೇನರ್ ಎಕ್ಸ್‌ಟೆನ್ಷನ್ ಕೂಡ ನನಗೆ ಹಿಡಿಸಿತು. ಆಫೀಸ್ ಮೇಲ್ ಒಂದು ಬಣ್ಣದ ಟ್ಯಾಬ್‌ನಲ್ಲಿ, ಮನೆ ಮೇಲ್ ಇನ್ನೊಂದರಲ್ಲಿ, ಲಾಗೌಟ್ ಮಾಡುವ ಗೋಳಿಲ್ಲ. ಹಾಗಂತ ಕ್ರೋಮ್ ತೆಗೆದುಹಾಕಲು ಆಗಲಿಲ್ಲ. ಒಂದು ಪೋರ್ಟಲ್‌ನಲ್ಲಿ ಫೈರ್‌ಫಾಕ್ಸ್‌ನಿಂದ ದುಡ್ಡು ಕಟ್ಟಲು ಹೋದರೆ ಓಟಿಪಿ ತುಂಬುವ ಜಾಗವೇ ಕಾಣಲಿಲ್ಲ. ಸೈಟ್ ಮಾಡಿದವರು ಕ್ರೋಮ್ ಒಂದರಲ್ಲೇ ಪರೀಕ್ಷಿಸಿ ಕೈ ತೊಳೆದುಕೊಂಡಿರಬೇಕು. ಕ್ರೋಮ್‌ನಲ್ಲಿ ತೆರೆದೆ, ಅರ್ಧ ನಿಮಿಷದಲ್ಲಿ ಆಯಿತು.

ಬ್ರೇವ್ ತೆಗೆದೆ. ಮಿಕ್ಕ ಮೂರೂ ಟಾಸ್ಕ್‌ಬಾರ್‌ನಲ್ಲಿವೆ. ನಾನು ಫೈರ್‌ಫಾಕ್ಸ್ ಬಳಸುತ್ತೇನೆ, ಬಿಲ್ಲು ಕಟ್ಟುವ ದಿನ ಕ್ರೋಮ್. ಅಪ್ಪನಿಗೆ ಎಡ್ಜ್ ಎಂಬ ಹೆಸರು ಇನ್ನೂ ಬಾಯಿಗೆ ಹತ್ತಿಲ್ಲ. "ಆ ಓದೋದನ್ನ ಹಾಕು" ಅನ್ನುತ್ತಾರೆ.